ನಿತ್ಯಪುಷ್ಪಕ್ಕೆ ಬಿಸಿಲು ಜಾಸ್ತಿ, ನೀರು ಕಡಿಮೆ

ನಿತ್ಯಪುಷ್ಪ, ಅಂದರೆ ಕಾಶಿ ಕಣಗಿಲೆ, ನೀರಿಲ್ಲದೆ ಸಾಯುವುದಕ್ಕಿಂತ ನೀರು ಜಾಸ್ತಿಯಾಗಿ ಸಾಯುವುದೇ ಹೆಚ್ಚು. ಮಡಗಾಸ್ಕರ್ ಮೂಲದ ಈ ಗಿಡಕ್ಕೆ ಬಿಸಿಲು, ಸೆಕೆ, ಒಣ ಮಣ್ಣು ಎಲ್ಲ ಒಗ್ಗುತ್ತದೆ. ಕಾಲಡಿ ನೀರು ನಿಲ್ಲುವುದು ಮಾತ್ರ ಆಗುವುದಿಲ್ಲ.

ಜಾಗ ಮೊದಲು ನೋಡಿ. ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು ಬೀಳಬೇಕು. ನೆರಳಲ್ಲಿ ಇಟ್ಟರೆ ಗಿಡ ಉದ್ದಕ್ಕೆ ಸೊರಗಿ ಬೆಳೆಯುತ್ತದೆ, ಹೂವು ಅಪರೂಪ. ಮಣ್ಣಿಗೆ ಮರಳು ಧಾರಾಳವಾಗಿ ಬೆರೆಸಿ, ಸ್ವಲ್ಪ ಕಾಂಪೋಸ್ಟ್ ಸಾಕು. ಕುಂಡದ ತಳದ ತೂತು ಮುಚ್ಚಿಕೊಂಡಿಲ್ಲ ತಾನೇ, ನೋಡಿಕೊಳ್ಳಿ.

ಬೀಜ ಬಿತ್ತುವವರು ಒಂದು ವಿಷಯ ನೆನಪಿಡಿ: ಇದರ ಬೀಜ ಕತ್ತಲೆಯಲ್ಲಿ ಚೆನ್ನಾಗಿ ಮೊಳೆಯುತ್ತದೆ. ಅರ್ಧ ಸೆಂಟಿಮೀಟರ್ ಮಣ್ಣು ಮುಚ್ಚಿ, ಮೇಲೊಂದು ಕಾಗದ ಹಾಸಿ, ಮೊಳಕೆ ಕಂಡ ದಿನವೇ ಕಾಗದ ತೆಗೆದುಬಿಡಿ. ಹವೆ 25 ಡಿಗ್ರಿ ಆಸುಪಾಸಿನಲ್ಲಿದ್ದರೆ ಒಂದೆರಡು ವಾರ ಹಿಡಿಯುತ್ತದೆ. ನಾಲ್ಕಾರು ಎಲೆ ಬಂದಾಗಲೇ ಕಿತ್ತು ನೆಡಿ, ದೊಡ್ಡದಾದ ಮೇಲೆ ಬೇರು ಅಲುಗಿದರೆ ಅದಕ್ಕೆ ಸೇರುವುದಿಲ್ಲ. ಒಂದು ಗೇಣು ಬೆಳೆದಾಗ ತುದಿ ಚಿವುಟಿ. ಚಿವುಟುವಾಗ ಮನಸ್ಸಿಗೆ ಕಷ್ಟವಾಗುತ್ತದೆ, ಆದರೆ ಆಮೇಲೆ ನಾಲ್ಕೂ ಕಡೆ ಕವಲೊಡೆದು ಗಿಡ ತುಂಬಿಕೊಳ್ಳುವುದು ನೋಡಿದರೆ ಖುಷಿಯಾಗುತ್ತದೆ.

ಇನ್ನು ನೀರು. ಮಧ್ಯಾಹ್ನದ ಬಿಸಿಲಿಗೆ ಎಲೆ ಮುದುಡಿದ್ದು ಕಂಡ ತಕ್ಷಣ ಚೊಂಬು ಹಿಡಿದು ಓಡಬೇಡಿ. ಸಂಜೆ ತಾನೇ ಬಿಡಿಸಿಕೊಂಡರೆ ಗಿಡ ಆರೋಗ್ಯವಾಗಿದೆ ಎಂದರ್ಥ. ಬೆರಳನ್ನು ಒಂದು ಇಂಚು ಮಣ್ಣಿಗೆ ಚುಚ್ಚಿ ನೋಡಿ, ಒಣಗಿದ್ದರೆ ಮಾತ್ರ ಬುಡಕ್ಕೆ ಹಾಕಿ, ಎಲೆ ಮೇಲೆ ಬೇಡ. ಮಣ್ಣು ಒದ್ದೆ ಇದೆ, ಆದರೂ ಬೆಳಿಗ್ಗೆಯೇ ಗಿಡ ಜೋಲು ಬಿದ್ದಿದೆ ಅಂದರೆ ಬೇರು ಕೊಳೆಯುತ್ತಿದೆ. ನನ್ನ ಚೆನ್ನಾದ ಬಿಳಿ ಹೂವಿನ ಗಿಡ ಹೋಗಿದ್ದು ಹೀಗೆಯೇ, ಬಾಡಿದೆ ಅಂತ ಇನ್ನಷ್ಟು ನೀರು ಹಾಕಿಬಿಟ್ಟಿದ್ದೆ. ಆ ಹಂತದಲ್ಲಿ ಬುಡವನ್ನು ಉಳಿಸುವುದು ಕಷ್ಟ. ಗಟ್ಟಿಯಾಗಿ ಹಸಿರಾಗಿರುವ ತುದಿ ಇದ್ದರೆ ನಾಲ್ಕು ಇಂಚು ಕತ್ತರಿಸಿ, ಕೆಳಗಿನ ಎಲೆ ತೆಗೆದು, ಹೊಸ ಮರಳು ಮಣ್ಣಿಗೆ ಚುಚ್ಚಿ ನೋಡಿ. ಜೋರು ಮಳೆ ಇರುವಾಗ ಕುಂಡವನ್ನು ಸೂರಿನಡಿ, ಬೆಳಕಿರುವ ಕಡೆಗೆ ಸರಿಸಿ. ಹಿಮ ಬೀಳುವ ಊರಾದರೆ ಚಳಿಗಾಲದಲ್ಲಿ ಮನೆಯೊಳಗೇ ಇಡಬೇಕು.

ಗೊಬ್ಬರ ತಿಂಗಳಿಗೊಂದು ಹಿಡಿ ಎರೆಗೊಬ್ಬರ, ಅಷ್ಟೇ. ಸಾರಜನಕ ಜಾಸ್ತಿಯಾದರೆ ಬರೀ ಎಲೆ ಬರುತ್ತದೆ. ಬಾಡಿದ ಹೂವು ತಾನೇ ಉದುರುತ್ತದೆ, ಕೀಳುವ ಕೆಲಸವಿಲ್ಲ. ಎರಡು ಮೂರು ವರ್ಷಕ್ಕೆ ಕಾಂಡ ಕಟ್ಟಿಗೆಯಾದಾಗ ಮೂರನೇ ಒಂದು ಭಾಗ ಕತ್ತರಿಸಿ.

ಒಂದು ಎಚ್ಚರಿಕೆ. ಕ್ಯಾನ್ಸರ್ ಔಷಧಿಗಳಾದ ವಿನ್‌ಕ್ರಿಸ್ಟಿನ್, ವಿನ್‌ಬ್ಲಾಸ್ಟಿನ್ ಸಿಗುವುದು ಇದೇ ಗಿಡದಿಂದ, ಅಂದರೆ ಇದರೊಳಗಿನ ರಾಸಾಯನಿಕ ಅಷ್ಟು ಪ್ರಬಲ. ಶುಗರ್‌ಗೆ ಒಳ್ಳೆಯದು ಅಂತ ಯಾರೋ ಹೇಳಿದರೆಂದು ಸುಮ್ನೆ ಎಲೆ ಜಗಿಯಬೇಡಿ. ಮಕ್ಕಳು, ನಾಯಿ, ಬೆಕ್ಕು ಬಾಯಿ ಹಾಕದಂತೆ ನೋಡಿಕೊಳ್ಳಿ.

ಹೂವು ಉದುರಿದ ಜಾಗದಲ್ಲಿ ಜೋಡಿ ಕೊಂಬಿನಂತೆ ಸಣ್ಣ ಕಾಯಿ ಏಳುತ್ತದೆ. ಹಸಿರು ಹೋಗಿ ಹಳದಿಗೆ ತಿರುಗಿದಾಗ, ಸಿಡಿಯುವ ಮೊದಲೇ ಕಿತ್ತು ಕಾಗದದ ಪೊಟ್ಟಣದಲ್ಲಿ ಒಣಗಿಸಿಡಿ. ಮುಂದಿನ ಗಿಡಕ್ಕೆ ಅಷ್ಟು ಕರಿ ಬೀಜ ಸಾಕು.