ಕಾಯಿಲೆ ಬಿದ್ದ ಸಾಕುಹಕ್ಕಿಗೆ ಮನೆಯಲ್ಲೇ ಮಾಡಬಹುದಾದ ಆರೈಕೆ
ಹಕ್ಕಿಗಳು ಕಾಯಿಲೆಯನ್ನು ಆದಷ್ಟು ಮುಚ್ಚಿಡುತ್ತವೆ. ಆದ್ದರಿಂದ ಗರಿ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕುಳಿತ ಹಕ್ಕಿಯನ್ನು ನಾಳೆ ನೋಡೋಣವೆಂದು ಬಿಡುವಂತಿಲ್ಲ.

ವೈದ್ಯರ ಶುಲ್ಕ ಕೈಗೆಟುಕದಿದ್ದರೂ ಮೊದಲು ಕೊಡಬಹುದಾದದ್ದು ಶಾಖ. ಹಕ್ಕಿಯನ್ನು ಉಳಿದವುಗಳಿಂದ ಬೇರ್ಪಡಿಸಿ, ಪಂಜರದ ಮೂರು ಬದಿಗೆ ಬಟ್ಟೆ ಹೊದಿಸಿ, ಒಂದು ಮೂಲೆಯ ಹೊರಗೆ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯಿಟ್ಟು, ಆ ಭಾಗದಲ್ಲಿ ಸುಮಾರು 29ರಿಂದ 32 ಡಿಗ್ರಿ ಸೆಲ್ಸಿಯಸ್ ಇರುವಂತೆ ನೋಡಿಕೊಳ್ಳಬೇಕು. ಸೆಕೆಯಾದ ಹಕ್ಕಿ ಬಾಯಿ ತೆರೆದು, ರೆಕ್ಕೆಗಳನ್ನು ಮೈಯಿಂದ ದೂರ ಹಿಡಿಯುತ್ತದೆ. ಆಗ ಸರಿದು ಕೂರಲು ಇನ್ನೊಂದು ಮೂಲೆ ತಂಪಾಗಿರಲೇಬೇಕು.

ಕೂರುವ ಕೋಲನ್ನು ತಗ್ಗಿಸಿ, ಅಭ್ಯಾಸದ ಆಹಾರ ಮತ್ತು ನೀರನ್ನು ಕೊಕ್ಕಿನ ಹತ್ತಿರವೇ ಇಡಿ. ಬಲವಂತವಾಗಿ ಕೊಕ್ಕಿಗೆ ನೀರು ಹನಿಸಿದರೆ ಅದು ಶ್ವಾಸನಾಳಕ್ಕೆ ಇಳಿಯಬಹುದು. ಮನುಷ್ಯರ ಮಾತ್ರೆಗಳನ್ನಂತೂ ಅಂದಾಜಿನ ಮೇಲೆ ಕೊಡಲೇಬಾರದು.

ಪ್ರತಿದಿನ ಬೆಳಿಗ್ಗೆ, ತಿನ್ನುವ ಮೊದಲು, ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ. ನನ್ನ ಮಟ್ಟಿಗೆ ಇದಕ್ಕಿಂತ ನಂಬಿಕೆಯ ಅಳತೆ ಮನೆಯಲ್ಲಿಲ್ಲ. ಶೇಕಡಾ 10ರಷ್ಟು ಇಳಿದರೆ, ಉಸಿರಿಗೊಮ್ಮೆ ಬಾಲ ಕುಲುಕಿದರೆ ಅಥವಾ ರಕ್ತ ನಿಲ್ಲದಿದ್ದರೆ ಮನೆಯ ಆರೈಕೆ ಸಾಲದು. ಆಗ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯನ್ನು ವಿಚಾರಿಸಿ, ಇಲ್ಲವೇ ಕೈಯಲ್ಲಿರುವ ಹಣವೆಷ್ಟೆಂದು ವೈದ್ಯರಿಗೆ ಮೊದಲೇ ತಿಳಿಸಿ, ತೀರಾ ಅಗತ್ಯವಾದ ಪರೀಕ್ಷೆಯನ್ನಷ್ಟೇ ಮಾಡುವಂತೆಯೂ ಕಂತಿನಲ್ಲಿ ಪಾವತಿಸಲು ಅವಕಾಶ ಕೊಡುವಂತೆಯೂ ಕೇಳಿ.