ಅಪರೂಪದ ಸ್ಕಿನ್ ಸಿಕ್ಕಿದೆಯಾ? ಮಾರ್ಕೆಟ್‌ಗೆ ಹಾಕುವ ಮುನ್ನ ಇದನ್ನು ಓದಿ

ಸ್ಕಿನ್ ಅಂದರೆ ಗೇಮ್‌ನೊಳಗಿನ ಆಯುಧಕ್ಕೆ ಹಾಕುವ ಬಣ್ಣದ ವಿನ್ಯಾಸ. ಕೌಂಟರ್ ಸ್ಟ್ರೈಕ್ 2 ಎಂಬ ಶೂಟಿಂಗ್ ಗೇಮ್ ಆಡುವ ಹುಡುಗರಿಗೆ ಕೇಸ್‌ನಲ್ಲಿ (ಏನು ಸಿಗುತ್ತದೆಂದು ಗೊತ್ತಿಲ್ಲದೆ ತೆರೆಯುವ ಪೆಟ್ಟಿಗೆ) ಒಂದು ನೈಫ್ ಬಂದರೆ ಕೈ ನಿಲ್ಲುವುದಿಲ್ಲ. ತಕ್ಷಣ ಆಟಗಾರರು ಇಂಥದ್ದನ್ನು ಕೊಂಡು ಮಾರುವ ಸ್ಟೀಮ್ ಮಾರ್ಕೆಟ್ ತೆರೆಯುತ್ತಾರೆ. ಅಲ್ಲಿರುವ ಅತಿ ಕಡಿಮೆ ಬೆಲೆ ನೋಡಿ, ಅದಕ್ಕಿಂತ ಒಂದು ರೂಪಾಯಿ ಕೆಳಗೆ ಹಾಕುತ್ತಾರೆ. ಕ್ಷಣದಲ್ಲಿ ಮಾರಾಟ. ಆಮೇಲೆ ಸ್ಕ್ರೀನ್‌ಶಾಟ್ ನೋಡಿದ ಗೆಳೆಯ ‘ಲೋ, ಅದು ಸಫೈರ್ ಕಣೋ, ಅಷ್ಟಕ್ಕೇ ಕೊಟ್ಟುಬಿಟ್ಟೆಯಾ?’ ಅಂತಾನೆ. ಇಂಥದ್ದನ್ನು ಎಷ್ಟೋ ಸಲ ನೋಡಿ ಹೊಟ್ಟೆ ಉರಿದು ಇದನ್ನು ಬರೆಯುತ್ತಿದ್ದೇನೆ.

ಮೊದಲ ಕೆಲಸ

ಫೋನಿನಲ್ಲಿ ಸ್ಟೀಮ್ ಆ್ಯಪ್ ಹಾಕಿ ಗಾರ್ಡ್ (ಫೋನಿನಲ್ಲಿ ಒಪ್ಪಿಗೆ ಕೇಳಿ ಖಾತೆ ಕಾಯುವ ವ್ಯವಸ್ಥೆ) ಆನ್ ಮಾಡಿ. ಅದಿಲ್ಲದಿದ್ದರೆ ನೀವು ಹಾಕಿದ ವಸ್ತು 15 ದಿನದವರೆಗೆ ತಡೆಯಲ್ಲಿ ಬೀಳಬಹುದು.

ನಿಮ್ಮ ಕೈಯಲ್ಲಿರುವುದು ಯಾವುದು?

ಎಲ್ಲರೂ ಎಡವುವುದು ಇಲ್ಲೇ. ಬೆಲೆ ಇರುವುದು ಸ್ಕಿನ್‌ನ ಹೆಸರಿಗಲ್ಲ, ನಿಮ್ಮ ಬಳಿ ಇರುವ ಆ ಒಂದು ಪ್ರತಿಗೆ. ಒಂದೇ ಬಡಾವಣೆಯಲ್ಲಿ ಕಾರ್ನರ್ ಸೈಟ್‌ಗೂ ನಡುವಿನ ಸೈಟ್‌ಗೂ ಒಂದೇ ರೇಟ್ ಇರುತ್ತದಾ? ಇಲ್ಲಿಯೂ ಹಾಗೆಯೇ. ಗೇಮ್‌ನಲ್ಲಿ ಸ್ಕಿನ್ ತೆರೆದು ಇನ್‌ಸ್ಪೆಕ್ಟ್ ಮಾಡಿ. ಮಾಹಿತಿಯ ಗುರುತಿನ ಮೇಲೆ ಮೌಸ್ ಇಟ್ಟರೆ ಎರಡು ಸಂಖ್ಯೆ ಕಾಣುತ್ತವೆ. ಒಂದು ಫ್ಲೋಟ್, ಇನ್ನೊಂದು ಪ್ಯಾಟರ್ನ್. ಎರಡನ್ನೂ ಬರೆದಿಟ್ಟುಕೊಳ್ಳಿ.

ಫ್ಲೋಟ್ ಅಂದರೆ ಸವೆತದ ಅಳತೆ, 0ಯಿಂದ 1ರವರೆಗೆ. 0.07ರ ಒಳಗಿದ್ದರೆ ಫ್ಯಾಕ್ಟರಿ ನ್ಯೂ. 0.15ರವರೆಗೆ ಮಿನಿಮಲ್ ವೇರ್, 0.38ರವರೆಗೆ ಫೀಲ್ಡ್ ಟೆಸ್ಟೆಡ್, 0.45ರವರೆಗೆ ವೆಲ್ ವೋರ್ನ್, ಅದರಾಚೆಗಿನದೆಲ್ಲ ಬ್ಯಾಟಲ್ ಸ್ಕಾರ್ಡ್. ಎಷ್ಟು ಆಡಿದರೂ ಈ ಸಂಖ್ಯೆ ಬದಲಾಗುವುದಿಲ್ಲ. ಹಾಗಾಗಿ ‘ಒಂದು ತಿಂಗಳೂ ಬಳಸಿಲ್ಲ’ ಎಂದು ಹೇಳಿ ಜಾಸ್ತಿ ಕೇಳುವುದರಲ್ಲಿ ಅರ್ಥವಿಲ್ಲ.

ಗುಂಪಿನ ಹೆಸರು ಒಂದೇ ಆದರೂ ಒಳಗೆ ತುಂಬಾ ವ್ಯತ್ಯಾಸ. 0.16ರ ಫೀಲ್ಡ್ ಟೆಸ್ಟೆಡ್ ನೋಡಲು ಮಿನಿಮಲ್ ವೇರ್ ಥರವೇ ಇರುತ್ತದೆ, 0.37ರದು ಗೀಚು ಬಿದ್ದಂತೆ ಕಾಣುತ್ತದೆ. ಮಾರ್ಕೆಟ್‌ನಲ್ಲಿ ಎರಡೂ ಒಂದೇ ಪುಟದಲ್ಲಿ ಕೂತಿರುತ್ತವೆ. ನಿಮ್ಮದು 0.16 ಆಗಿದ್ದರೆ ಆ ಪುಟದ ಅತಿ ಕಡಿಮೆ ಬೆಲೆಗೆ ಖಂಡಿತ ಕೊಡಬೇಡಿ. ಕೆಲವು ಸ್ಕಿನ್‌ಗಳಿಗೆ ತಮ್ಮದೇ ಮಿತಿ ಇರುತ್ತದೆ. ಎಡಬ್ಲ್ಯುಪಿ ಎಂಬ ಸ್ನೈಪರ್ ಗನ್‌ನ ಏಸಿಮೋವ್ ಸ್ಕಿನ್ 0.18ರಿಂದ ಶುರು, ಆದ್ದರಿಂದ ಅದರಲ್ಲಿ ಫ್ಯಾಕ್ಟರಿ ನ್ಯೂ ಇಲ್ಲವೇ ಇಲ್ಲ. ಅದೇ ಏಸಿಮೋವ್ ಫ್ಲೋಟ್ 1ರ ಹತ್ತಿರಕ್ಕೆ ಹೋದರೆ ಸ್ಕೋಪ್ ಪೂರ್ತಿ ಕಪ್ಪಾಗುತ್ತದೆ. ಅದನ್ನೇ ಹುಡುಕಿಕೊಂಡು ಬರುವವರಿದ್ದಾರೆ. ಅಂದರೆ ಜಾಸ್ತಿ ಸವೆದಿದ್ದಕ್ಕೂ ಬೆಲೆ ಬರಬಹುದು.

ಪ್ಯಾಟರ್ನ್ ಸಂಖ್ಯೆ ಅಂದರೆ ಬಣ್ಣ, ಚಿತ್ತಾರ ಎಲ್ಲೆಲ್ಲಿ ಬಿದ್ದಿದೆ ಎಂಬುದರ ಗುರುತು. ಬಹಳಷ್ಟು ಸ್ಕಿನ್‌ಗಳಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ. ಆದರೆ ಕೇಸ್ ಹಾರ್ಡನ್ಡ್, ಫೇಡ್, ಮಾರ್ಬಲ್ ಫೇಡ್, ಕ್ರಿಮ್ಸನ್ ವೆಬ್ ಎಂಬ ವಿನ್ಯಾಸಗಳಿದ್ದರೆ ಅದೇ ಎಲ್ಲ. ಎಕೆ-47 ಕೇಸ್ ಹಾರ್ಡನ್ಡ್‌ನಲ್ಲಿ 661ನೇ ಪ್ಯಾಟರ್ನ್‌ಗೆ ಮೇಲ್ಭಾಗ ಹೆಚ್ಚುಕಮ್ಮಿ ಪೂರ್ತಿ ನೀಲಿ. ಸಂಗ್ರಹಕಾರರು ‘ಬ್ಲೂ ಜೆಮ್’ ಎನ್ನುವುದು ಇಂಥದ್ದನ್ನೇ. ಅದರ ಬೆಲೆಗೂ ಹಳದಿ ಬಣ್ಣ ತುಂಬಿದ ಸಾಮಾನ್ಯ ಪ್ರತಿಯ ಬೆಲೆಗೂ ಸಂಬಂಧವೇ ಇಲ್ಲ.

ಡಾಪ್ಲರ್ ಎಂಬ ವಿನ್ಯಾಸದ ನೈಫ್‌ನದು ಇನ್ನೂ ದೊಡ್ಡ ಗೊಂದಲ. ಫೇಸ್ 1ರಿಂದ 4 ಎಂಬ ಬಣ್ಣದ ಬಗೆಗಳು, ಜೊತೆಗೆ ಇನ್ನೂ ಅಪರೂಪದ ರೂಬಿ, ಸಫೈರ್, ಬ್ಲ್ಯಾಕ್ ಪರ್ಲ್ ಎಲ್ಲವೂ ಒಂದೇ ಹೆಸರಿನಡಿ ಪಟ್ಟಿಯಾಗುತ್ತವೆ. ಫೇಸ್ 4ರ ನೀಲಿ ಸಫೈರ್‌ನಂತೆ ಕಂಡು ಮೋಸ ಹೋಗಬಹುದು. ಅದಕ್ಕಿಂತ ದುಬಾರಿ ತಪ್ಪು ಎಂದರೆ ನಿಜವಾದ ಸಫೈರ್ ಅನ್ನು ಫೇಸ್ 4 ಎಂದುಕೊಂಡು ಮಾರುವುದು. ಅನುಮಾನವಿದ್ದರೆ ಪ್ರತಿ ಫೇಸ್‌ನ ಚಿತ್ರವನ್ನು ಪಕ್ಕದಲ್ಲಿಟ್ಟು ಹೋಲಿಸಿ. ಅರ್ಧ ಗಂಟೆ ಹೋದರೂ ಹೋಗಲಿ.

ಸ್ಟಿಕ್ಕರ್ ವಿಷಯದಲ್ಲಿ ಆಸೆ ಕಡಿಮೆ ಇರಲಿ. ಗನ್‌ಗೆ ಅಂಟಿಸಿದ ಸ್ಟಿಕ್ಕರ್‌ನ ಪೂರ್ತಿ ಬೆಲೆ ಯಾರೂ ಕೊಡುವುದಿಲ್ಲ, ಸಣ್ಣ ಪಾಲು ಮಾತ್ರ ಸೇರುತ್ತದೆ. 2014ರ ಕಟೊವಿಟ್ಸೆ ಟೂರ್ನಿಯ ಹಳೆಯ ಹೋಲೋ (ಮಿನುಗುವ) ಸ್ಟಿಕ್ಕರ್‌ಗಳಂಥವು ಬೇರೆ. ಅಂಥದ್ದಿದ್ದರೆ ಒಂದು ಚೂರೂ ಕೆರೆಯಬೇಡಿ.

ಬೆಲೆ ಓದುವುದು

ಮಾರ್ಕೆಟ್ ಪುಟದಲ್ಲಿ ಮೂರು ಬೆಲೆ ಕಾಣುತ್ತವೆ. ಮಾರುವವರು ಕೇಳುತ್ತಿರುವುದು, ಕೊಳ್ಳುವವರು ಮೊದಲೇ ಹಾಕಿಟ್ಟಿರುವುದು, ನಿಜವಾಗಿ ಮಾರಾಟವಾಗಿದ್ದು. ನೀವು ನಂಬಬೇಕಾದದ್ದು ಮೂರನೆಯದನ್ನು. ಗ್ರಾಫ್ ಅನ್ನು ಒಂದು ತಿಂಗಳಿಗೆ ಇಟ್ಟು ನೋಡಿ. ದಿನಕ್ಕೆ ಹತ್ತಾರು ಮಾರಾಟವಿದ್ದರೆ ಆ ಬೆಲೆ ಗಟ್ಟಿ. ವಾರಕ್ಕೆ ಒಂದೆರಡೇ ಇದ್ದರೆ ಆ ಗೆರೆ ಯಾವುದೋ ಒಬ್ಬನ ಅವಸರವನ್ನು ತೋರಿಸುತ್ತಿರಬಹುದು. ಡಾಪ್ಲರ್‌ನಂಥವಕ್ಕೆ ಗ್ರಾಫ್ ಕೆಲಸಕ್ಕೆ ಬಾರದು, ಏಕೆಂದರೆ ಎಲ್ಲ ಫೇಸ್‌ಗಳೂ ಅದರಲ್ಲಿ ಬೆರೆತಿರುತ್ತವೆ. ಆಗ ಪಟ್ಟಿಯಲ್ಲಿರುವ ಒಂದೊಂದನ್ನೂ ಇನ್‌ಸ್ಪೆಕ್ಟ್ ಮಾಡಿ, ನಿಮ್ಮದರಂಥದ್ದಕ್ಕೆ ಜನ ಎಷ್ಟು ಕೇಳುತ್ತಿದ್ದಾರೆ, ಅದು ಎಷ್ಟು ದಿನದಿಂದ ಮಾರದೇ ಕೂತಿದೆ ಎಂದು ಗಮನಿಸಿ.

ಕೊಳ್ಳುವವರು ಮೊದಲೇ ಹಾಕಿಟ್ಟ ಆರ್ಡರ್‌ಗೆ ಅಪರೂಪದ ಪ್ರತಿಯನ್ನು ಕೊಡಲೇಬೇಡಿ. ಆ ಆರ್ಡರ್ ಹೆಸರು ನೋಡುತ್ತದೆ, ಫ್ಲೋಟ್ ನೋಡುವುದಿಲ್ಲ.

ಇನ್ವೆಂಟರಿಯ (ನಿಮ್ಮ ಬಳಿ ಇರುವ ಎಲ್ಲ ವಸ್ತುಗಳ) ಬೆಲೆ ಒಟ್ಟುಮಾಡಿ ತೋರಿಸುವ ಬ್ರೌಸರ್ ಎಕ್ಸ್‌ಟೆನ್ಶನ್‌ಗಳು ನನಗೆ ಸುತಾರಾಂ ಇಷ್ಟವಿಲ್ಲ. ಒಂದೇ ಕ್ಲಿಕ್ಕಿನಲ್ಲಿ ಎಲ್ಲ ಮಾರುವ ಬಟನ್ ಇರುವಂಥವು ಇನ್ನೂ ಕೆಟ್ಟವು. ಸಾಮಾನ್ಯ ಕೇಸ್‌ಗಳನ್ನು ಮಾರಲು ಸರಿ ಇರಬಹುದು, ನಿಮ್ಮ ನೈಫ್‌ಗೆ ಬೇಡ. ಸ್ಟೀಮ್ ಪಾಸ್‌ವರ್ಡ್ ಕೇಳುವ ಎಕ್ಸ್‌ಟೆನ್ಶನ್ ಕಂಡರೆ ತಕ್ಷಣ ತೆಗೆದುಹಾಕಿ.

ಕಮಿಷನ್ ಲೆಕ್ಕ

ಸ್ಟೀಮ್‌ಗೆ 5%, ಗೇಮ್‌ಗೆ 10%. ಇದು ನಿಮಗೆ ಸಿಗುವ ಹಣದ ಮೇಲೆ ಸೇರುತ್ತದೆ. 1,000 ರೂಪಾಯಿ ಕೈಗೆ ಬರಬೇಕಿದ್ದರೆ ಕೊಳ್ಳುವವನು 1,150 ಕೊಡಬೇಕು. 10,000ಕ್ಕೆ ಮಾರಾಟವಾದರೆ ನಿಮಗೆ ಸುಮಾರು 8,696. ಲಿಸ್ಟ್ ಮಾಡುವಾಗ ಎರಡು ಖಾನೆ ಬರುತ್ತವೆ, ಯಾವುದರಲ್ಲಿ ಬರೆಯುತ್ತಿದ್ದೀರಿ ಎಂದು ಎರಡು ಸಲ ನೋಡಿ. ಸೊನ್ನೆಗಳನ್ನೂ ಎಣಿಸಿ. ಬಂದ ಹಣ ಸ್ಟೀಮ್ ವ್ಯಾಲೆಟ್‌ನಲ್ಲೇ ಉಳಿಯುತ್ತದೆ, ಬ್ಯಾಂಕ್ ಖಾತೆಗೆ ಹೋಗುವುದಿಲ್ಲ. ಗೇಮ್ ಅಥವಾ ಇನ್ನೊಂದು ಸ್ಕಿನ್ ಕೊಳ್ಳಲು ಮಾತ್ರ. ಮಾರ್ಕೆಟ್‌ನಲ್ಲಿ 2,000 ಡಾಲರ್‌ಗಿಂತ ಜಾಸ್ತಿ ಬೆಲೆ ಹಾಕಲೂ ಆಗುವುದಿಲ್ಲ. ಒಳ್ಳೆಯ ಬ್ಲೂ ಜೆಮ್‌ಗಳು ಅಲ್ಲಿ ಕಾಣದಿರುವುದು ಅದಕ್ಕೇ.

ಯಾವಾಗ ಮಾರಬೇಕು?

ಹೊಸ ಕೇಸ್ ಬಂದಾಗ ಅದರ ಸ್ಕಿನ್‌ಗಳ ಬೆಲೆ ಮೊದಲ ದಿನಗಳಲ್ಲೇ ಅತಿ ಹೆಚ್ಚು. ಜನ ತೆರೆಯುತ್ತಾ ಹೋದಂತೆ ಇಳಿಯುತ್ತದೆ. ಹೊಸದು ಬಂದಿದ್ದರೆ ಅಂದೇ ಮಾರಿ, ಇಷ್ಟವಾದರೆ ತಿಂಗಳ ನಂತರ ಮತ್ತೆ ಕೊಳ್ಳಿ. ಹಳೆಯ, ಅಪರೂಪದ ಪ್ರತಿಗೆ ಇದು ಅನ್ವಯಿಸುವುದಿಲ್ಲ. ಸ್ಟೀಮ್‌ನ ಬೇಸಿಗೆ ಮತ್ತು ಚಳಿಗಾಲದ ಸೇಲ್ ಸಮಯದಲ್ಲಿ ಗೇಮ್ ಕೊಳ್ಳಲು ಎಲ್ಲರೂ ಸ್ಕಿನ್ ಮಾರುತ್ತಾರೆ, ಆಗ ಸುಮ್ನೆ ಇರಿ.

ಗೇಮ್ ಮಾಡಿದ ವಾಲ್ವ್ ಕಂಪನಿ ನಿಯಮ ಬದಲಿಸಿದರೆ ಎಲ್ಲ ಲೆಕ್ಕವೂ ತಲೆಕೆಳಗು. 2025ರ ಅಕ್ಟೋಬರ್‌ನಲ್ಲಿ ಐದು ಕೆಂಪು ದರ್ಜೆಯ (ಅಪರೂಪದ) ಸ್ಕಿನ್ ಕೊಟ್ಟು ನೈಫ್ ಅಥವಾ ಗ್ಲೌಸ್ ಪಡೆಯುವ ದಾರಿ ತೆರೆದರು. ನೈಫ್ ಬೆಲೆ ಕುಸಿಯಿತು, ಕೆಂಪು ಸ್ಕಿನ್‌ಗಳ ಬೆಲೆ ಜಿಗಿಯಿತು. ಆ ದಿನ ಗಾಬರಿಯಲ್ಲಿ ಮಾರಿದವರು ಬಹಳ. ಇಂಥ ನಿಯಮ ಬದಲಿಸುವ ಅಪ್‌ಡೇಟ್ ಬಂದ ಮೊದಲ ಎರಡು ದಿನ ಏನನ್ನೂ ಮಾರಬೇಡಿ, ಇದು ನನ್ನ ಖಡಾಖಂಡಿತ ಸಲಹೆ.

ಲಿಸ್ಟ್ ಮಾಡಿ, ಕಾಯಿರಿ

ಬೆಲೆ ಹಾಕಿ, ಫೋನಿನಲ್ಲಿ ಒಪ್ಪಿಗೆ ಕೊಡಿ, ಮುಗಿಯಿತು. ಒಮ್ಮೆ ಹಾಕಿದ ಬೆಲೆ ತಿದ್ದಲು ಬರುವುದಿಲ್ಲ. ತೆಗೆದು ಮತ್ತೆ ಹಾಕಬೇಕು. ನಿಮ್ಮ ಬೆಲೆ ಜಾಸ್ತಿ ಇದ್ದರೆ ಅದು ಹಿಂದಿನ ಪುಟಗಳಿಗೆ ಹೋಗುತ್ತದೆ, ಆದರೂ ಫ್ಲೋಟ್ ಹುಡುಕುವವರು ಅಲ್ಲಿಗೂ ಬರುತ್ತಾರೆ. ಎರಡು ವಾರ ಬಿಡಿ. ಮಾರಲಿಲ್ಲವೆಂದರೆ ನೂರಕ್ಕೆ ಐದರಷ್ಟು ಇಳಿಸಿ. ದಿನಾ ಇಳಿಸುತ್ತಾ ಹೋದರೆ ಕೊಳ್ಳುವವನು ಇನ್ನೂ ಕಾಯುತ್ತಾನೆ, ಅಲ್ವಾ?

ನೇರ ಟ್ರೇಡ್ ಮಾಡುವವರಿಗೆ

ಮಾರ್ಕೆಟ್‌ನ ಮಿತಿ ಮೀರಿದ ವಸ್ತುವನ್ನು ಬೇರೆ ಸ್ಕಿನ್‌ಗಳ ಜೊತೆ ಅದಲುಬದಲು ಮಾಡಬಹುದು. 2025ರ ಜುಲೈನಿಂದ ಟ್ರೇಡ್‌ಗೆ ಏಳು ದಿನದ ರಕ್ಷಣೆ ಇದೆ. ಅಷ್ಟರೊಳಗೆ ಯಾವ ಕಡೆಯವರೂ ವಾಪಸ್ ತೆಗೆದುಕೊಳ್ಳಬಹುದು, ಬಂದ ಸ್ಕಿನ್ ಅನ್ನು ಮುಂದಕ್ಕೆ ಕೊಡಲಾಗದು. ಆದ್ದರಿಂದ ಏಳು ದಿನ ಮುಗಿಯುವವರೆಗೆ ಅದು ನಿಮ್ಮದು ಎಂದುಕೊಳ್ಳಬೇಡಿ. ಹೊರಗೆ ಯುಪಿಐ ಮೂಲಕ ಹಣ ಕೊಡುತ್ತೇನೆ ಎನ್ನುವ ಅಪರಿಚಿತರಿಗೆ ‘ಬೇಡ’ ಎನ್ನಿ.

‘ನಮ್ಮ ತಂಡಕ್ಕೆ ಓಟು ಹಾಕು’ ಎಂದು ಯಾರೋ ಕಳಿಸುವ ಲಿಂಕ್‌ನಲ್ಲಿ ಲಾಗಿನ್ ಮಾಡಿದರೆ ನಿಮ್ಮ ಖಾತೆಯಲ್ಲಿ ಎಪಿಐ ಕೀ (ನಿಮ್ಮ ಟ್ರೇಡ್‌ಗಳನ್ನು ಬೇರೆ ಪ್ರೋಗ್ರಾಂ ನಿಭಾಯಿಸಲು ಬಿಡುವ ಗುಪ್ತ ಸಂಕೇತ) ಸೃಷ್ಟಿಯಾಗಬಹುದು. ಆಮೇಲೆ ನೀವು ಕಳಿಸಿದ ನಿಜವಾದ ಟ್ರೇಡ್ ರದ್ದಾಗಿ, ಅದೇ ಹೆಸರು, ಅದೇ ಫೋಟೊ ಇರುವ ಕಳ್ಳ ಖಾತೆಗೆ ಇನ್ನೊಂದು ಹೋಗುತ್ತದೆ. ಫೋನಿನಲ್ಲಿ ಒಪ್ಪಿಗೆ ಕೊಡುವ ಮುನ್ನ ಎದುರಿನವರ ಪ್ರೊಫೈಲ್ ಲೆವೆಲ್ ಮತ್ತು ಖಾತೆ ಎಷ್ಟು ಹಳೆಯದು ಎಂದು ನೋಡಿ. ಸ್ಟೀಮ್‌ನ ಎಪಿಐ ಕೀ ಪುಟದಲ್ಲಿ ನೀವು ಮಾಡದ ಕೀ ಕಂಡರೆ ಅಳಿಸಿ, ಪಾಸ್‌ವರ್ಡ್ ಬದಲಿಸಿ, ಎಲ್ಲ ಕಡೆ ಲಾಗೌಟ್ ಮಾಡಿ. ಅದಾದ ಮೇಲೆಯೇ ಟ್ರೇಡ್ ಮತ್ತೆ ಶುರು ಮಾಡಿ.