ಪ್ರಶಸ್ತಿ ಕೊಡುವ ಮುನ್ನ ಮೇ ತಿಂಗಳಲ್ಲಿ ಹೋಗಿ ನೋಡಿ

ಜೂನ್ 5ರ ಪರಿಸರ ದಿನ ಬಂತೆಂದರೆ ವಿಜಯಪುರದಲ್ಲಿ ಸಸಿ ನೆಡುವ ಫೋಟೊಗಳಿಗೆ ಬರವಿಲ್ಲ. ಆದರೆ ಹವಾಮಾನ ಬದಲಾವಣೆ ಎದುರಿಸಲು ವರ್ಷವಿಡೀ ದುಡಿಯುವ ಸ್ತ್ರೀಶಕ್ತಿ ಸಂಘ, ಯುವಕ ಸಂಘ, ಸಣ್ಣ ಟ್ರಸ್ಟ್‌ಗಳನ್ನು ಕರೆದು ಮಾತಾಡಿಸುವವರು ಕಡಿಮೆ. ಇವರನ್ನು ಗುರುತಿಸುವ ಪ್ರಶಸ್ತಿಯನ್ನು ನಿಮ್ಮ ಗ್ರಾಮ ಪಂಚಾಯಿತಿಯೋ ಕಾಲೇಜೋ ವ್ಯಾಪಾರಿಗಳ ಸಂಘವೋ ಶುರು ಮಾಡಬಹುದು. ಅದಕ್ಕೆ ದೊಡ್ಡ ದುಡ್ಡು ಬೇಡ, ಹುಡುಕುವ ತಾಳ್ಮೆ ಬೇಕು.

ಮೊದಲು, ಯಾವ ಕೆಲಸ ಲೆಕ್ಕಕ್ಕೆ ಬರುತ್ತದೆ ಎಂದು ಬರೆದುಕೊಳ್ಳಿ. ಹವಾಮಾನ ಬದಲಾವಣೆಯ ಕೆಲಸ ಎರಡು ಬಗೆ. ಒಂದು, ಭೂಮಿಯನ್ನು ಬಿಸಿ ಮಾಡುವ ಅನಿಲಗಳನ್ನು ತಗ್ಗಿಸುವುದು. ಕಬ್ಬಿನ ರವದಿ (ಒಣ ಎಲೆ) ಸುಡದೆ ಹೊಲದಲ್ಲೇ ಹೊದಿಸುವುದು, ಹಸಿ ಕಸವನ್ನು ಗೊಬ್ಬರ ಮಾಡುವುದು ಇದಕ್ಕೆ ಸೇರುತ್ತವೆ. ಹಸಿ ಕಸ ರಾಶಿ ಬಿದ್ದು ಗಾಳಿಯಾಡದೆ ಕೊಳೆತರೆ ಮೀಥೇನ್ ಹುಟ್ಟುತ್ತದೆ. ಇನ್ನೊಂದು, ಬರ ಮತ್ತು ನೆರೆಯನ್ನು ತಾಳಿಕೊಳ್ಳಲು ಊರನ್ನು ಸಜ್ಜು ಮಾಡುವುದು. ಬದು ಹಾಕುವುದು, ಕೃಷಿ ಹೊಂಡ, ಕೆರೆಯ ಹೂಳು ತೆಗೆಯುವುದು, ಹಳೆಯ ಬಾವಿ ಸ್ವಚ್ಛ ಮಾಡುವುದು ಈ ಬಗೆಯವು. 'ಡೋಣಿ ಬೆಳೆದರೆ ಓಣಿಯೆಲ್ಲ ಕಾಳು' ಎನ್ನುವ ಸೀಮೆ ನಮ್ಮದು. ಅದೇ ಡೋಣಿ ನದಿ ಹೂಳು ತುಂಬಿ ಹೊಲಕ್ಕೆ ನುಗ್ಗುವುದನ್ನೂ ನಾವು ಕಂಡಿದ್ದೇವೆ. ತಾಜ್ ಬಾವಡಿ, ಚಾಂದ್ ಬಾವಡಿಯಂಥ ದೊಡ್ಡ ಬಾವಿಗಳನ್ನು ಕಟ್ಟಿದ ಊರಿನಲ್ಲಿ ನೀರಿನ ಕೆಲಸಕ್ಕೆ ಗಿಡದ ಕೆಲಸದಷ್ಟೇ ಅಂಕ ಸಿಗಬೇಕು.

ಎರಡನೆಯದು, ಅರ್ಜಿ ಬರಲಿ ಎಂದು ಸುಮ್ನೆ ಕೂರಬೇಡಿ. ಚೆನ್ನಾಗಿ ಅರ್ಜಿ ಬರೆಯುವವರೇ ಚೆನ್ನಾಗಿ ಕೆಲಸ ಮಾಡುತ್ತಾರೆ ಎಂದೇನಿಲ್ಲ ಅಲ್ವಾ? ಗ್ರಾಮ ಸಭೆಯಲ್ಲಿ ಕೇಳಿ. ಶಾಲೆಯ ಶಿಕ್ಷಕರು, ಆಶಾ ಕಾರ್ಯಕರ್ತೆಯರು, ಕುರಿ ಕಾಯುವವರು ಹೆಸರು ಸೂಚಿಸಲಿ. ಬಾಯಲ್ಲಿ ಹೇಳಿದರೂ ಸಾಕು, ನೀವೇ ಬರೆದುಕೊಳ್ಳಿ.

ಮೂರನೆಯದೇ ಮುಖ್ಯ: ಹೋಗಿ ನೋಡುವುದು. ಅದೂ ಬೇಸಿಗೆಯಲ್ಲಿ. 2016ರಲ್ಲಿ ಶುರುವಾದ ಕೋಟಿ ವೃಕ್ಷ ಅಭಿಯಾನದಿಂದ ಗಿಡ ನೆಡುವುದು ನಮ್ಮ ಜಿಲ್ಲೆಗೆ ರೂಢಿಯಾಗಿದೆ. ಈಗ ಕೇಳಬೇಕಾದದ್ದು ಎಷ್ಟು ಉಳಿದವು ಎಂದು. ಜೂನ್‌ನಲ್ಲಿ ಎಲ್ಲ ಸಸಿಯೂ ಹಸಿರು. ಬಿಸಿಲು 40 ಡಿಗ್ರಿ ದಾಟುವ ಮೇ ತಿಂಗಳಲ್ಲಿ ನಿಜ ಗೊತ್ತಾಗುತ್ತದೆ. ಮರ ಬೆಳೆದಷ್ಟೂ ಇಂಗಾಲ ಹೀರಿಕೊಳ್ಳುತ್ತದೆ, ಒಣಗಿದ ಸಸಿಯಿಂದ ಏನೂ ಇಲ್ಲ. ಆದ್ದರಿಂದ ನೆಟ್ಟು ಎರಡು ಬೇಸಿಗೆ ಕಳೆದ ಗಿಡಗಳನ್ನಷ್ಟೇ ಎಣಿಸಿ. ನೀರು ಯಾರು ಹಾಕಿದರು, ಆಡು-ಕುರಿಗಳಿಂದ ಹೇಗೆ ಕಾಯ್ದರು, ಬೇವು-ಹೊಂಗೆಯಂಥ ಈ ನೆಲದ ಗಿಡಗಳೇ ಹೌದೋ ಅಲ್ಲವೋ, ಇದೆಲ್ಲ ಕೇಳಿ. ಕೆರೆಯಾದರೆ ತೆಗೆದ ಹೂಳು ಎಲ್ಲಿಗೆ ಹೋಯಿತು, ಸುತ್ತಲಿನ ಬಾವಿಗಳಲ್ಲಿ ಬೇಸಿಗೆಯ ನೀರು ಏರಿತೇ ಎಂದು ರೈತರನ್ನೇ ವಿಚಾರಿಸಿ. ಸಂಘದವರು ಜೊತೆಗಿಲ್ಲದಾಗ ವಿಚಾರಿಸಿದರೆ ಇನ್ನೂ ಒಳ್ಳೆಯದು.

ಕಾಗದಪತ್ರವನ್ನೂ ನೋಡಿ. ನೋಂದಾಯಿತ ಸಂಸ್ಥೆಯಾದರೆ ನೋಂದಣಿ ಪತ್ರ ಮತ್ತು ಲೆಕ್ಕಪರಿಶೋಧನೆ ವರದಿ ಕೇಳಿ. ಕರ್ನಾಟಕದಲ್ಲಿ ಸಂಘಗಳು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿ ಆಗುತ್ತವೆ. ಸ್ವಯಂಸೇವಾ ಸಂಸ್ಥೆಗಳ ವಿವರ ಇರುವ ನೀತಿ ಆಯೋಗದ ದರ್ಪಣ ಪೋರ್ಟಲ್‌ನಲ್ಲಿ ಹೆಸರಿದ್ದರೆ ವಿವರ ಸಿಗುತ್ತದೆ, ಆದರೆ ಅದು ಒಳ್ಳೆಯ ಕೆಲಸಕ್ಕೆ ಸರ್ಟಿಫಿಕೇಟ್ ಅಲ್ಲ. ಸ್ವಸಹಾಯ ಸಂಘಗಳಿಗೆ ನೋಂದಣಿ ಕಡ್ಡಾಯ ಮಾಡಬೇಡಿ. ನಡಾವಳಿ ಪುಸ್ತಕ, ಬ್ಯಾಂಕ್ ಪಾಸ್‌ಬುಕ್ ಸಾಕು. ಇಲ್ಲದಿದ್ದರೆ ನಿಜವಾಗಿ ಕೆಲಸ ಮಾಡಿದ ಹೆಣ್ಣುಮಕ್ಕಳೇ ಪಟ್ಟಿಯಿಂದ ಹೊರಗುಳಿಯುತ್ತಾರೆ.

ತೀರ್ಪುಗಾರರು ಐದು ಜನ ಇದ್ದರೆ ಸಾಕು. ಒಬ್ಬ ರೈತ, ಒಬ್ಬ ವಿಜ್ಞಾನ ಶಿಕ್ಷಕಿ ಇರಲೇಬೇಕು. ತಮ್ಮ ನೆಂಟರ ಸಂಘ ಪಟ್ಟಿಯಲ್ಲಿದ್ದವರು ಆ ಸುತ್ತಿನಿಂದ ಹೊರಗಿರಲಿ.

ಇನ್ನು ಸನ್ಮಾನ. ಶಾಲು, ಹಾರ, ಫಲಕ ಇರಲಿ, ಅವರಿಗೂ ಖುಷಿಯಾಗುತ್ತದೆ. ಆದರೆ ಅವರಿಗೆ ಬೇಕಾದದ್ದು ಟ್ಯಾಂಕರ್ ನೀರಿನ ಖರ್ಚು, ಹನಿ ನೀರಾವರಿ ಪೈಪು, ಗಿಡಕ್ಕೆ ಬೇಲಿ. ಮೊದಲೇ ಕೇಳಿ ಅದನ್ನೇ ಕೊಡಿ. ಹಣವಾದರೆ ಸಂಘದ ಖಾತೆಗೇ ಹಾಕಿ. ಅರ್ಧ ಈಗ, ಉಳಿದರ್ಧ ಮುಂದಿನ ಮೇ ತಿಂಗಳಲ್ಲಿ ಮತ್ತೆ ನೋಡಿದ ಮೇಲೆ. ಸಮಾರಂಭವನ್ನು ನಗರದ ಸಭಾಂಗಣದಲ್ಲಿ ಇಡುವ ಬದಲು ಗೆದ್ದವರು ಕೆಲಸ ಮಾಡಿದ ಜಾಗದಲ್ಲೇ ಮಾಡಿ. ಪಕ್ಕದ ಊರಿನ ಸಂಘದವರನ್ನೂ ಕರೆಯಿರಿ. ಭಾಷಣಕ್ಕಿಂತ ಮೊದಲು ಗೆದ್ದವರು ತಮ್ಮ ಕೆಲಸವನ್ನು ಅವರಿಗೆ ಓಡಾಡಿಸಿ ತೋರಿಸಲಿ.